ಶ್ರೇಷ್ಠತೆಯ ಫಲಕಗಳು ಮತ್ತು ಬನ್ನಿಮಂಟಪದ ಮಕ್ಕಳು

ವಿಜಯದಶಮಿಯ ದಿನ ಮೈಸೂರಿನ ಜಂಬೂಸವಾರಿ ಅರಮನೆಯಿಂದ ಹೊರಟು, ಐದು ಕಿಲೋಮೀಟರಿನಷ್ಟು ದಾರಿ ಸವೆಸಿ, ಬನ್ನಿಮಂಟಪಕ್ಕೆ ಬಂದು ಮುಗಿಯುತ್ತದೆ. ಆನೆಗಳ ಜೊತೆಗೆ ಜಿಲ್ಲೆ ಜಿಲ್ಲೆಗಳಿಂದ ಬಂದ ಸ್ತಬ್ಧಚಿತ್ರಗಳೂ ಸಾಗುತ್ತವೆ. ಲಾರಿಯ ಮೇಲೆ ಕಟ್ಟಿದ ದೇವಾಲಯ, ಥರ್ಮೋಕೋಲಿನ ಅಣೆಕಟ್ಟು, ಬಣ್ಣ ಬಳಿದ ಶಾಲೆ. ತೀರ್ಪುಗಾರರು ಅವನ್ನು ನೋಡಿ ಮೊದಲನೆಯದು, ಎರಡನೆಯದು ಎಂದು ಬಹುಮಾನ ಕೊಡುತ್ತಾರೆ. ಹಬ್ಬ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿಹಾಕುತ್ತಾರೆ. ಇದನ್ನು ಯಾರೂ ಮೋಸ ಎನ್ನುವುದಿಲ್ಲ. ಅದು ಸ್ತಬ್ಧಚಿತ್ರ ಎಂದು ರಸ್ತೆಯ ಬದಿಯಲ್ಲಿ ಅಪ್ಪನ ಹೆಗಲೇರಿ ಕುಳಿತ ಮಗುವಿಗೂ ಗೊತ್ತು.

ನಾವು ಇಲ್ಲಿ ಹೇಳಹೊರಟಿರುವುದು ಇದೇ ಬನ್ನಿಮಂಟಪದ ಸುತ್ತಮುತ್ತ ವರ್ಷವಿಡೀ ಕಣ್ಣಿಗೆ ಬೀಳುವ ಇನ್ನೊಂದು ಬಗೆಯ ಬಹುಮಾನಗಳ ಬಗ್ಗೆ. ಬನ್ನಿಮಂಟಪ ಎಂದರೆ ದಸರೆಯ ಪಂಜಿನ ಕವಾಯತು ಮಾತ್ರವಲ್ಲ, ಕಾಲೇಜುಗಳ ಬಡಾವಣೆಯೂ ಹೌದು. ಬೆಂಗಳೂರು ರಸ್ತೆಯಲ್ಲಿ 1946ರಲ್ಲಿ ಆರಂಭವಾದ ಸಂತ ಫಿಲೋಮಿನಾ ಕಾಲೇಜು ಇದೆ. ಅದಕ್ಕೆ ಸಮೀಪದಲ್ಲೇ 1984ರಲ್ಲಿ ಆರಂಭವಾದ ಜೆಎಸ್‌ಎಸ್ ವೈದ್ಯಕೀಯ ಕಾಲೇಜು ಮತ್ತು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಅದರ ದೊಡ್ಡ ಆವರಣ. ಒಂದು ಕ್ರೈಸ್ತ ಧರ್ಮಪ್ರಾಂತದ ಶ್ರಮ, ಇನ್ನೊಂದು ಸುತ್ತೂರು ಮಠದ ಶ್ರಮ. ಇವುಗಳಲ್ಲಿ ಓದಿದವರು, ಜೆಎಸ್‌ಎಸ್‌ನ ಆಸ್ಪತ್ರೆಯಲ್ಲಿ ಬದುಕಿ ಬಂದವರು ಎಲ್ಲ ಮತದವರೂ ಇದ್ದಾರೆ. ಆ ಶ್ರಮದ ಬಗ್ಗೆ ನಮಗೆ ಗೌರವವಿದೆ. ನಮ್ಮ ಪ್ರಶ್ನೆ ಸಂಸ್ಥೆಗಳ ಬಗ್ಗೆ ಅಲ್ಲ. ಇಂದು ಮೈಸೂರಿನ ಯಾವ ಕಾಲೇಜಿನ ಗೇಟಿನ ಮುಂದೆ ನಿಂತರೂ ಕಾಣುವ ಫಲಕಗಳ ಬಗ್ಗೆ. ನ್ಯಾಕ್ ಶ್ರೇಣಿ ಇಷ್ಟು, ರಾಷ್ಟ್ರೀಯ ಶ್ರೇಯಾಂಕ ಇಷ್ಟು, ಶ್ರೇಷ್ಠತಾ ಪ್ರಶಸ್ತಿ ಇಂಥ ವರ್ಷದ್ದು ಎಂಬ ಆ ಅಕ್ಷರಗಳು ಏನನ್ನು ಅಳೆದು ಬರೆದವು, ಏನನ್ನು ಅಳೆಯದೆ ಬಿಟ್ಟವು ಎಂಬುದರ ಬಗ್ಗೆ.

ಈ ಪ್ರಶ್ನೆ ನಮ್ಮಲ್ಲಿ ಮೂಡಿದ್ದು ಒಬ್ಬ ತಾಯಿಯಿಂದ. ಎನ್.ಆರ್. ಮೊಹಲ್ಲಾದ ಆಕೆ ಬೀಡಿ ಕಟ್ಟುತ್ತಾರೆ. ಗಂಡ ಬನ್ನಿಮಂಟಪದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಬಿ.ಕಾಂ.ಗೆ ಸೇರಿಸಲು ಮೂರು ಕಾಲೇಜು ಸುತ್ತಿ ಬಂದಿದ್ದರು. ಅವುಗಳಲ್ಲಿ ಯಾವುದಕ್ಕೆ ಯಾವ ಶ್ರೇಣಿ ಇದೆ ಎಂದು ನಾವು ಓದಿದವರ ಗತ್ತಿನಲ್ಲಿ ವಿವರಿಸತೊಡಗಿದಾಗ ಆಕೆ ತಡೆದು ಹೇಳಿದರು: "ಬೋರ್ಡ್ ಮೇಲೆ ಏನ್ ಬರ್ದವ್ರೆ ನಂಗೆ ಗೊತ್ತಾಗಲ್ಲ ಸಾರ್. ಫೀಸು ಕಂತಲ್ಲಿ ತಗೋತೀರಾ ಅಂತ ಮೂರು ಕಡೇನೂ ಕೇಳ್ದೆ. ಒಂದು ಕಡೆ ಹೂಂ ಅಂದ್ರು. ಅಲ್ಲಿಗೇ ಸೇರಿಸ್ತೀನಿ."

ಆಕೆಯ ಬಳಿಯೂ ಒಂದು ಶ್ರೇಯಾಂಕಪಟ್ಟಿ ಇತ್ತು. ಅದರಲ್ಲಿ ಇದ್ದದ್ದು ಒಂದೇ ಅಂಕಣ. ಆ ಅಂಕಣ ದೆಹಲಿಯ ಪಟ್ಟಿಯಲ್ಲಿ ಇದೆಯೇ ಎಂದು ಹುಡುಕಲು ಹೊರಟದ್ದು ನಮಗೆ ದೊಡ್ಡ ಪಾಠವಾಯಿತು.

ಮೊದಲು ಓದುಗರಿಗೆ ಈ ಮರ್ಯಾದೆಗಳ ವಂಶಾವಳಿಯನ್ನು ಸ್ವಲ್ಪ ಹೇಳಬೇಕು. ನ್ಯಾಕ್ ಎಂಬ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿಯನ್ನು ಯುಜಿಸಿ 1994ರಲ್ಲಿ ಸ್ಥಾಪಿಸಿತು. ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಅದು ಏಳು ಮಾನದಂಡಗಳ ಮೇಲೆ ಕಾಲೇಜನ್ನು ಅಳೆದು ನಾಲ್ಕಕ್ಕೆ ಇಷ್ಟು ಎಂದು ಅಂಕ ಹಾಕಿ ಎ ಪ್ಲಸ್ ಪ್ಲಸ್‌ನಿಂದ ಕೆಳಗೆ ಇಳಿಯುವ ಶ್ರೇಣಿಗಳನ್ನು ಕೊಡುತ್ತ ಬಂತು. ಎರಡನೆಯದು ಎನ್‌ಐಆರ್‌ಎಫ್, ಅಂದರೆ ಕೇಂದ್ರ ಶಿಕ್ಷಣ ಇಲಾಖೆಯ ರಾಷ್ಟ್ರೀಯ ಶ್ರೇಯಾಂಕ ಚೌಕಟ್ಟು. ಇದರ ಮೊದಲ ಪಟ್ಟಿ 2016ರಲ್ಲಿ ಬಂತು. ಅಂದಿನಿಂದ 2025ರ ಪಟ್ಟಿಯವರೆಗೂ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಮೊದಲ ಸ್ಥಾನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಮೂರನೆಯದು ಖಾಸಗಿ ಪ್ರಶಸ್ತಿಗಳ ಸಂತೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇವೆ.

ಎನ್‌ಐಆರ್‌ಎಫ್ ವಿಶ್ವವಿದ್ಯಾಲಯವೊಂದನ್ನು ನೂರು ಅಂಕಗಳಿಗೆ ಅಳೆಯುತ್ತದೆ. ಬೋಧನೆ, ಕಲಿಕೆ ಮತ್ತು ಸಂಪನ್ಮೂಲಗಳಿಗೆ 30. ಸಂಶೋಧನೆಗೆ 30. ಪದವಿ ಮುಗಿಸಿದವರ ಫಲಿತಾಂಶಕ್ಕೆ 20. ಎಲ್ಲರನ್ನೂ ಒಳಗೊಳ್ಳುವ ಗುಣಕ್ಕೆ 10. ಉಳಿದ 10 ಅಂಕ ಆ ಸಂಸ್ಥೆಯ ಬಗ್ಗೆ ಹೊರಗಿನವರಿಗೆ ಇರುವ ಅಭಿಪ್ರಾಯಕ್ಕೆ. ಅಂದರೆ ಹೆಸರು ಇದ್ದವರಿಗೆ ಹೆಸರು ಇರುವ ಕಾರಣಕ್ಕೇ ಹತ್ತು ಅಂಕದ ಬಾಗಿಲು ತೆರೆದಿದೆ. ಹೆಸರು ಇಲ್ಲದವರು ಹೆಸರು ಬರುವ ತನಕ ಕಾಯಬೇಕು.

ಆ ತಾಯಿಯ ಪ್ರಶ್ನೆಗೆ ಉತ್ತರ ಇರಬೇಕಾದ ಜಾಗ 'ಒಳಗೊಳ್ಳುವಿಕೆ'ಯ ಹತ್ತು ಅಂಕ. ಇತ್ತೀಚಿನ ವರ್ಷಗಳ ಚೌಕಟ್ಟಿನಲ್ಲಿ ಆ ಭಾಗವನ್ನು ಮತ್ತೆ ನೂರಕ್ಕೆ ಹಂಚಿದ್ದಾರೆ. ಪ್ರಾದೇಶಿಕ ವೈವಿಧ್ಯಕ್ಕೆ 30. ಇದರಲ್ಲಿ ಬೇರೆ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿಗೆ 25, ಬೇರೆ ದೇಶಗಳಿಂದ ಬಂದವರಿಗೆ 5. ಮಹಿಳೆಯರ ಪ್ರಮಾಣಕ್ಕೆ 30. ಅಂಗವಿಕಲರ ಸೌಲಭ್ಯಗಳಿಗೆ 20. ಆರ್ಥಿಕವಾಗಿ ಮತ್ತು ಸಾಮಾಜಿಕವಾಗಿ ಹಿಂದುಳಿದ ವಿದ್ಯಾರ್ಥಿಗಳಿಗೆ 20. ಈ ಕೊನೆಯದನ್ನೂ ಅಳೆಯುವುದು ಪೂರ್ಣ ಬೋಧನಾ ಶುಲ್ಕವನ್ನು ಮರಳಿ ಪಡೆಯುವ ಪದವಿ ವಿದ್ಯಾರ್ಥಿಗಳ ಪ್ರಮಾಣದಿಂದ.

ಇದನ್ನು ನಮ್ಮ ಮೊಹಲ್ಲಾದ ಲೆಕ್ಕಕ್ಕೆ ಇಳಿಸಿ ನೋಡೋಣ. ಒಂದು ಕಾಲೇಜು ರಾಜೀವನಗರ, ಉದಯಗಿರಿ, ಕೆಸರೆಯ ಮಕ್ಕಳನ್ನು ಸೇರಿಸಿಕೊಳ್ಳುತ್ತದೆ. ಅವರಲ್ಲಿ ಬಹುಪಾಲು ಮಂದಿ ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಊದುಬತ್ತಿ ಹೊಸೆಯುವವರ, ಆಟೋ ಓಡಿಸುವವರ, ಗುಜರಿ ಅಂಗಡಿಯವರ ಮಕ್ಕಳು. ಇವರೆಲ್ಲ ಮೈಸೂರಿನವರೇ ಆದ್ದರಿಂದ ಪ್ರಾದೇಶಿಕ ವೈವಿಧ್ಯದ ಅಂಕಣದಲ್ಲಿ ಇವರಿಂದ ಕಾಲೇಜಿಗೆ ಸೊನ್ನೆ. ಕಾಲೇಜು ಶುಲ್ಕವನ್ನು ನಾಲ್ಕು ಕಂತಿಗೆ ಒಡೆದು, ಅರ್ಧ ಬಿಟ್ಟು, ಪರೀಕ್ಷೆಯ ಹೊತ್ತಿಗೆ ಬಾಕಿ ಇದ್ದರೂ ಹಾಲ್ ಟಿಕೆಟ್ ಕೊಟ್ಟು ನಡೆದುಕೊಂಡರೂ ಅದು ಪೂರ್ಣ ಶುಲ್ಕ ಮರುಪಾವತಿ ಅಲ್ಲವಾದ್ದರಿಂದ ಆ ಅಂಕಣದಲ್ಲಿಯೂ ಸೊನ್ನೆ. ಇನ್ನೊಂದು ಕಾಲೇಜು ದೂರದ ರಾಜ್ಯಗಳಿಂದ ದೊಡ್ಡ ಶುಲ್ಕ ತೆತ್ತು ಬರುವ ಮಕ್ಕಳನ್ನು ತುಂಬಿಕೊಳ್ಳುತ್ತದೆ. ಅದಕ್ಕೆ ಅಂಕ ಸಿಗುತ್ತದೆ. ಒಟ್ಟು ನೂರರಲ್ಲಿ ಪ್ರದೇಶದ ವೈವಿಧ್ಯ ಗರಿಷ್ಠ ಮೂರು ಅಂಕ ತಂದುಕೊಟ್ಟರೆ ಬಡತನ ತಂದುಕೊಡುವುದು ಗರಿಷ್ಠ ಎರಡು ಅಂಕ.

ಬೇರೆ ರಾಜ್ಯದ ಮಕ್ಕಳು ನಮ್ಮಲ್ಲಿಗೆ ಬರಬಾರದು ಎಂದು ನಾವು ಹೇಳುತ್ತಿಲ್ಲ. ಮಣಿಪುರದ ಹುಡುಗನೂ ಮಂಡ್ಯದ ಹುಡುಗಿಯೂ ಒಂದೇ ಬೆಂಚಿನಲ್ಲಿ ಕೂರುವುದು ವಿದ್ಯೆಯ ಒಂದು ಭಾಗವೇ. ಆದರೆ ಇಡೀ ದೇಶದ 'ಶ್ರೇಷ್ಠತೆ'ಯನ್ನು ತೀರ್ಮಾನಿಸುವ ತಕ್ಕಡಿಯಲ್ಲಿ ಪಕ್ಕದ ಬೀದಿಯ ಬಡ ಮಗುವಿಗಿಂತ ದೂರದ ಊರಿನ ಮಗು ಹೆಚ್ಚು ತೂಗುತ್ತದೆ ಎಂದಾದರೆ ಆ ತಕ್ಕಡಿಯ ಬಗ್ಗೆ ಒಂದು ಮಾತು ಕೇಳುವ ಹಕ್ಕು ಪಕ್ಕದ ಬೀದಿಯವರಿಗೆ ಇರಬೇಕು.

ಇಲ್ಲಿ ಒಂದು ಸುಲಭದ ತೀರ್ಮಾನಕ್ಕೆ ಓದುಗರು ಬೀಳಬಾರದು. ಸರ್ಕಾರದ ಪಟ್ಟಿ ಎಂದರೆ ಮುಸ್ಲಿಮರಿಗೆ ವಿರುದ್ಧವಾದ ಪಟ್ಟಿ ಎಂದು ನಮ್ಮಲ್ಲಿ ಕೆಲವರು ಮಾತನಾಡುವುದನ್ನು ಕೇಳಿದ್ದೇವೆ. ಅದು ನಿಜವಲ್ಲ. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ 2022, 2023 ಮತ್ತು 2024ರಲ್ಲಿ ದೇಶದ ವಿಶ್ವವಿದ್ಯಾಲಯಗಳಲ್ಲಿ ಮೂರನೆಯ ಸ್ಥಾನದಲ್ಲಿತ್ತು. ಅಲಿಗಢ ಮೊದಲ ಹತ್ತರಲ್ಲಿ ಸ್ಥಾನ ಪಡೆದಿದೆ. ನಮ್ಮ ಕರಾವಳಿಯ ಯೆನೆಪೋಯ ಮೊದಲ ನೂರರ ಪಟ್ಟಿಯಲ್ಲಿ ಕಾಣಿಸಿಕೊಂಡಿದೆ. ಒಳ್ಳೆಯ ಕೆಲಸಕ್ಕೆ ಅಂಕ ಸಿಕ್ಕಿದೆ, ಸಂತೋಷ. ನಮ್ಮ ತಕರಾರು ಬೇರೆ. ಪಟ್ಟಿ ಒಳಗೆ ಬಂದವರ ಎತ್ತರವನ್ನು ಅಳೆಯುತ್ತದೆ. ಬರಲಾಗದೆ ಹೊರಗೆ ಉಳಿದವರನ್ನೂ ನಡುವೆ ಬಿಟ್ಟುಹೋದವರನ್ನೂ ಅದು ಬಹುಮಟ್ಟಿಗೆ ನೋಡುವುದೇ ಇಲ್ಲ. ಇದು ಮುಸ್ಲಿಮರಿಗೆ ಮಾತ್ರ ತಟ್ಟುವ ಸಂಗತಿಯಲ್ಲ. ಹೆಗ್ಗಡದೇವನಕೋಟೆಯ ಹಾಡಿಯ ಹುಡುಗನಿಗೂ ಚಾಮರಾಜನಗರದ ಕೂಲಿಯವರ ಮಗಳಿಗೂ ತಟ್ಟುತ್ತದೆ. ಆದರೆ ಹೊರಗೆ ಉಳಿದವರ ಸಾಲಿನಲ್ಲಿ ಮುಸ್ಲಿಮರು ಎಷ್ಟು ಮುಂದೆ ನಿಂತಿದ್ದಾರೆ ಎಂಬುದಕ್ಕೆ ಸರ್ಕಾರದ ಅಂಕಿಗಳೇ ಸಾಕು.

2006ರ ಸಾಚಾರ್ ಸಮಿತಿಯ ವರದಿ ದೇಶದ ಹೆಸರಾಂತ ಕಾಲೇಜುಗಳಲ್ಲಿ ಪದವಿ ತರಗತಿಯ 25 ವಿದ್ಯಾರ್ಥಿಗಳಲ್ಲಿ ಒಬ್ಬ, ಸ್ನಾತಕೋತ್ತರ ತರಗತಿಯ 50 ವಿದ್ಯಾರ್ಥಿಗಳಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು ದಾಖಲಿಸಿತು. ಅದರ ನಂತರ 2009ರಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಆರಂಭವಾಯಿತು. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ 21 ಲಕ್ಷದಷ್ಟಿದ್ದ ಮುಸ್ಲಿಮ್ ವಿದ್ಯಾರ್ಥಿಗಳು ಕೊರೊನಾದ 2020-21ರಲ್ಲಿ 19.2 ಲಕ್ಷಕ್ಕೆ ಇಳಿದರು. ಒಟ್ಟು ವಿದ್ಯಾರ್ಥಿಗಳಲ್ಲಿ ಶೇಕಡ 4.6. ಜನಸಂಖ್ಯೆಯಲ್ಲಿ ಅವರ ಪಾಲು 2011ರ ಜನಗಣತಿಯಂತೆ ಶೇಕಡ 14.2. ಮರುವರ್ಷ ಸಂಖ್ಯೆ ಮತ್ತೆ 21 ಲಕ್ಷ ದಾಟಿತು ನಿಜ. ಅಂದರೆ ಎರಡು ವರ್ಷ ಓಡಿ ಮತ್ತೆ ಹೊರಟ ಜಾಗಕ್ಕೇ ಬಂದು ನಿಂತಂತಾಯಿತು. ಆ ಹೊತ್ತಿಗೇ, 2022ರ ಡಿಸೆಂಬರಿನಲ್ಲಿ, ಮೌಲಾನಾ ಆಜಾದ್ ಫೆಲೋಶಿಪ್ಪನ್ನು ನಿಲ್ಲಿಸಲಾಗಿದೆ ಎಂದು ಸರ್ಕಾರ ಲೋಕಸಭೆಗೆ ತಿಳಿಸಿತು. ಶ್ರೇಷ್ಠತೆಗೆ ಪದಕ ಕೊಡುವ ಸರ್ಕಾರವೇ ಶ್ರೇಷ್ಠತೆಗೆ ಏರುವ ಏಣಿಯ ಒಂದು ಮೆಟ್ಟಿಲನ್ನು ಕಿತ್ತಿಟ್ಟಿತು.

ನಡುವೆ ಬಿಟ್ಟುಹೋದವರ ಮಾತು ಬಂದಾಗ ಕರ್ನಾಟಕದಲ್ಲಿ 2022ನ್ನು ಮರೆತು ಮಾತನಾಡಲಾಗದು. ಆ ವರ್ಷ ಫೆಬ್ರವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಕಾನೂನಿನ ಆ ಚರ್ಚೆಯನ್ನು ನಾವು ಇಲ್ಲಿ ಮತ್ತೆ ತೆಗೆಯುವುದಿಲ್ಲ. ಶ್ರೇಯಾಂಕದ ಲೆಕ್ಕಕ್ಕೆ ಸಂಬಂಧಿಸಿದ ಒಂದೇ ಅಂಶ ಹೇಳುತ್ತೇವೆ. 'ಮಹಿಳೆಯರ ಪ್ರಮಾಣ' ಎಂಬ ಅಂಕಣ ಕೇಳುವುದು ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಅರ್ಧದಷ್ಟಿದ್ದಾರೆಯೇ, ಅಧ್ಯಾಪಕರಲ್ಲಿ ಐದರಲ್ಲಿ ಒಂದು ಪಾಲು ಇದ್ದಾರೆಯೇ ಎಂದು. ಒಬ್ಬ ಹುಡುಗಿ ಗೇಟಿನಿಂದ ಹಿಂದಕ್ಕೆ ಹೋಗಿ ಆ ಜಾಗಕ್ಕೆ ಇನ್ನೊಬ್ಬಳು ಬಂದರೆ ಈ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ. ಸಂಖ್ಯೆ ಅಷ್ಟೇ ಇರುತ್ತದೆ, ಅಂಕವೂ ಅಷ್ಟೇ ಇರುತ್ತದೆ. ಹಿಂದಕ್ಕೆ ಹೋದವಳು ಎಲ್ಲಿಯೂ ದಾಖಲಾಗುವುದಿಲ್ಲ.

ಇನ್ನು ನಮ್ಮ ಊರಿನ ಹೆಮ್ಮೆಯ ಮೈಸೂರು ವಿಶ್ವವಿದ್ಯಾಲಯದ ಕಥೆ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಈ ವಿಶ್ವವಿದ್ಯಾಲಯ ದೇಶೀ ಸಂಸ್ಥಾನಗಳಲ್ಲಿ ಹುಟ್ಟಿದ ಮೊದಲನೆಯದು. ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಇದು 2021ರಲ್ಲಿ 19ನೆಯ ಸ್ಥಾನದಲ್ಲಿತ್ತು. 2022ರಲ್ಲಿ 33, 2023ರಲ್ಲಿ 44, 2024ರಲ್ಲಿ 54. ಪ್ರತಿ ಸಲವೂ ಪತ್ರಿಕೆಗಳಲ್ಲಿ 'ಕುಸಿತ' ಎಂಬ ತಲೆಬರಹ. ನಿವೃತ್ತರಾದ ಅಧ್ಯಾಪಕರ ಜಾಗಗಳನ್ನು ತುಂಬದೆ ಅತಿಥಿ ಉಪನ್ಯಾಸಕರಿಂದ ತರಗತಿ ನಡೆಸಿಕೊಂಡು ಹೋಗುವುದು ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ರೂಢಿಯಾಗಿಬಿಟ್ಟಿದೆ. ಖಾಯಂ ಅಧ್ಯಾಪಕರಿಲ್ಲದೆ ಸಂಶೋಧನೆಗೆ ಅಂಕ ಬರುವುದಾದರೂ ಹೇಗೆ? ಇಲ್ಲಿ ಪಟ್ಟಿ ಒಂದು ನಿಜವನ್ನು ತೋರಿಸಿತು ಎಂದು ಒಪ್ಪಬೇಕು. ಆದರೆ ತೋರಿಸಿದ ಮೇಲೆ ಆದದ್ದೇನು? ಜ್ವರ ಅಳೆದು ಗೋಡೆಗೆ ಬರೆದಿಟ್ಟರು, ಔಷಧಿ ಬರೆಯಬೇಕಾದವರು ಸುಮ್ಮನಾದರು.

ಅದೇ 2022ರ ಅಕ್ಟೋಬರಿನಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಪಾರಂಪರಿಕ ಕಟ್ಟಡದ ಒಂದು ಭಾಗ ಕುಸಿಯಿತು. ಸುತ್ತಲಿನ ಹಳ್ಳಿಗಳ, ಮೊಹಲ್ಲಾಗಳ ಹೆಣ್ಣುಮಕ್ಕಳು ತಲೆಮಾರುಗಳಿಂದ ಓದಿದ ಸರ್ಕಾರಿ ಕಾಲೇಜು ಅದು. ನಮ್ಮ ತಾಯಂದಿರ ಪೈಕಿ ಪದವಿ ಕಂಡ ಕೆಲವರಾದರೂ ಅದರ ಮೆಟ್ಟಿಲು ಹತ್ತಿ ಬಂದವರು. ಬಡವರ ಹೆಣ್ಣುಮಗಳನ್ನು ಪದವೀಧರೆ ಮಾಡಿದ್ದಕ್ಕೆ ಯಾವುದಾದರೂ ರಾಷ್ಟ್ರೀಯ ಪ್ರಶಸ್ತಿ ಇದ್ದಿದ್ದರೆ ಅದು ಎಂದೋ ಈ ಕಾಲೇಜಿಗೆ ಬರಬೇಕಿತ್ತು. ರಾಜ್ಯದಲ್ಲಿ ನಾಲ್ಕುನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ತಾಲೂಕು ಕೇಂದ್ರದ ಹುಡುಗ ಹುಡುಗಿಯರನ್ನು ಓದಿಸುತ್ತಿರುವುದು ಇವೇ. 2024ರ ಎನ್‌ಐಆರ್‌ಎಫ್‌ನ ಮೊದಲ ನೂರು ಕಾಲೇಜುಗಳಲ್ಲಿ ತಮಿಳುನಾಡು ಮತ್ತು ದೆಹಲಿಯವೇ ಅರ್ಧಕ್ಕಿಂತ ಹೆಚ್ಚು. ಕರ್ನಾಟಕದವು ಬೆರಳೆಣಿಕೆಯಷ್ಟು. ನಮ್ಮ ಸರ್ಕಾರಿ ಕಾಲೇಜುಗಳು ಮಾಡುತ್ತಿರುವ ಕೆಲಸಕ್ಕೆ ಅಲ್ಲಿ ಅಂಕಣವೇ ಇಲ್ಲದಿರುವುದು ಇದಕ್ಕೆ ಪೂರ್ತಿ ಕಾರಣವಲ್ಲದಿದ್ದರೂ ಒಂದು ಕಾರಣ ಎಂದು ನಾವು ನಂಬುತ್ತೇವೆ.

ಅರ್ಹತೆ ಎಂದರೇನು, ಅದನ್ನು ಅಳೆಯುವವರು ಯಾರು ಎಂಬ ಜಗಳ ಮೈಸೂರಿಗೆ ಹೊಸದಲ್ಲ. ವಿಶ್ವವಿದ್ಯಾಲಯ ಹುಟ್ಟಿದ ಎರಡೇ ವರ್ಷಕ್ಕೆ, 1918ರಲ್ಲಿ, ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. ಸರ್ಕಾರಿ ನೌಕರಿ ಬಹುಪಾಲು ಒಂದೇ ಸಮುದಾಯದ ಕೈಯಲ್ಲಿರುವಾಗ ಉಳಿದವರು, ಅವರಲ್ಲಿ ಮುಸ್ಲಿಮರೂ ಸೇರಿ, ಒಳಗೆ ಬರುವುದು ಹೇಗೆ ಎಂಬುದು ಸಮಿತಿಯ ಮುಂದಿದ್ದ ಪ್ರಶ್ನೆ. ವಿಶ್ವವಿದ್ಯಾಲಯದ ಶಿಲ್ಪಿಗಳಲ್ಲಿ ಒಬ್ಬರಾದ ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರ್ಹತೆಗೆ, ಆಡಳಿತದ ದಕ್ಷತೆಗೆ ಧಕ್ಕೆ ಬಂದೀತು ಎಂಬುದು ಅವರ ಆತಂಕ. ಅವರು ದಿವಾನಗಿರಿ ಬಿಟ್ಟರು. ಸಮಿತಿಯ ಶಿಫಾರಸುಗಳ ಮೇಲೆ 1921ರಲ್ಲಿ ಆದೇಶ ಹೊರಟಿತು. ಇಬ್ಬರೂ ದೊಡ್ಡವರು, ಇಬ್ಬರ ಮಾತಿನಲ್ಲಿಯೂ ಕಾಳಜಿ ಇತ್ತು. ಆದರೆ ನೂರು ವರ್ಷದ ಮೇಲೆ ತಿರುಗಿ ನೋಡಿದರೆ, ಮೈಸೂರು ಕೆಟ್ಟದ್ದು ಬಾಗಿಲು ತೆರೆದದ್ದರಿಂದಲ್ಲ. ತೆರೆದ ಬಾಗಿಲಿನಿಂದ ಬಂದವರ ಮಕ್ಕಳು ಮೊಮ್ಮಕ್ಕಳೇ ಇಂದು ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದಾರೆ, ಆಸ್ಪತ್ರೆಗಳಲ್ಲಿ ನಾಡಿ ಹಿಡಿಯುತ್ತಿದ್ದಾರೆ. ಮಿಲ್ಲರ್ ಸಮಿತಿ ಕೇಳಿದ ಪ್ರಶ್ನೆ ದೆಹಲಿಯ ಪಟ್ಟಿಯಲ್ಲಿ ಇಂದು ನೂರಕ್ಕೆ ಎರಡು ಅಂಕದ ಪ್ರಶ್ನೆಯಾಗಿದೆ.

ಈಗ ನಮ್ಮದೇ ಮನೆಯ ಕಡೆಗೆ ತಿರುಗೋಣ. ಬೇರೆಯವರ ತಕ್ಕಡಿಯನ್ನು ಬಯ್ಯುವುದು ಸುಲಭ. ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದಾಗ ಅವರ ಮುಂದಿದ್ದದ್ದು ಪ್ರಶಸ್ತಿಯ ಆಸೆಯಲ್ಲ, ಓದದೆ ಉಳಿದ ಮಕ್ಕಳ ಸಂಖ್ಯೆ. ಮೈಸೂರಿನಲ್ಲಿ ತಿಲಕನಗರದ ಫಾರೂಖಿಯಾ ಸಂಸ್ಥೆಗಳೂ ಬೆಳೆದದ್ದು ಸಮುದಾಯದ ಅಂಥದೇ ಹಸಿವಿನಿಂದ. ಆ ತಲೆಮಾರಿನ ನಂತರ ಹುಟ್ಟಿಕೊಂಡ ಎಷ್ಟೋ ಸಣ್ಣ ಟ್ರಸ್ಟುಗಳ ನಡವಳಿಕೆ ನೋಡಿದಾಗ ನಮಗೆ ಕಸಿವಿಸಿಯಾಗುತ್ತದೆ.

ನಮಗೆ ಪರಿಚಯವಿರುವ ಅಂಥ ಒಂದು ಟ್ರಸ್ಟಿನ ಕಾರ್ಯದರ್ಶಿಗೆ ಒಂದು ದಿನ ದೂರದ ಊರಿನಿಂದ ಫೋನು ಬಂತು. "ನಿಮ್ಮ ಸಂಸ್ಥೆ ರಾಷ್ಟ್ರೀಯ ಶಿಕ್ಷಣ ಶ್ರೇಷ್ಠತಾ ಪ್ರಶಸ್ತಿಗೆ ಆಯ್ಕೆಯಾಗಿದೆ" ಎಂದು. ಅರ್ಜಿ ಹಾಕಿರಲಿಲ್ಲ, ಯಾರೂ ಬಂದು ನೋಡಿರಲಿಲ್ಲ. ನೋಂದಣಿ ಶುಲ್ಕ, ಸಮಾರಂಭದ ಊಟದ ಮೇಜಿನ ಬಾಡಿಗೆ, ಸ್ಮರಣ ಸಂಚಿಕೆಯಲ್ಲಿ ಬಣ್ಣದ ಪುಟ, ಎಲ್ಲಕ್ಕೂ ದರಪಟ್ಟಿ ಇತ್ತು. ಕಾರ್ಯದರ್ಶಿಗಳು ಹೋದರು, ಪಂಚತಾರಾ ಹೋಟೆಲಿನಲ್ಲಿ ಗಾಜಿನ ಫಲಕ ಹಿಡಿದು ಫೋಟೋ ತೆಗೆಸಿಕೊಂಡು ಬಂದರು. ಊರಿನಲ್ಲಿ ಫ್ಲೆಕ್ಸ್ ಎದ್ದಿತು, ಅಭಿನಂದನಾ ಸಭೆ ನಡೆಯಿತು. ಸಭೆಗೆ ನಾವೂ ಹೋಗಿದ್ದೆವು, ಬಿರಿಯಾನಿಯನ್ನೂ ತಿಂದೆವು. ಕೈ ತೊಳೆಯುವ ಜಾಗದಲ್ಲಿ ಅದೇ ಕಾಲೇಜಿನ ಒಬ್ಬ ಉಪನ್ಯಾಸಕಿ ತಗ್ಗಿದ ದನಿಯಲ್ಲಿ ಹೇಳಿದರು: "ಎರಡು ತಿಂಗಳಿಂದ ಸಂಬಳ ಆಗಿಲ್ಲ ಸಾರ್. ಫಲಕಕ್ಕೆ ದುಡ್ಡು ಎಲ್ಲಿಂದ ಬಂತೋ." ಆ ಬಿರಿಯಾನಿ ನಮ್ಮ ಗಂಟಲಿನಲ್ಲಿ ಇನ್ನೂ ಸಿಕ್ಕಿಕೊಂಡಿದೆ.

ಕಾರ್ಯದರ್ಶಿಗಳು ಕೆಟ್ಟವರಲ್ಲ. ಅವರ ವಾದವನ್ನೂ ಹೇಳುವುದು ನ್ಯಾಯ. "ಎದುರಿನ ಕಾಲೇಜಿನವರು ಬೋರ್ಡ್ ಹಾಕಿದ್ದಾರೆ ಭಾಯ್. ನಾವು ಹಾಕದಿದ್ದರೆ ನಮ್ಮವರೇ ಮಕ್ಕಳನ್ನು ಅಲ್ಲಿಗೆ ಸೇರಿಸುತ್ತಾರೆ. ಅಡ್ಮಿಷನ್ ಇಲ್ಲದಿದ್ದರೆ ಸಂಬಳ ಕೊಡುವುದು ಎಲ್ಲಿಂದ?" ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಬೋರ್ಡನ್ನು ನೋಡಿ ಕಾಲೇಜು ಆರಿಸುವ ಮಧ್ಯಮ ವರ್ಗದ ನಾವೇ ಈ ಸಂತೆಯ ಗಿರಾಕಿಗಳು. ಕೊಳ್ಳುವವರು ಇದ್ದಾರೆಂದೇ ಮಾರುವವರು ಬಂದಿದ್ದಾರೆ.

ಖಾಸಗಿ ಸಂತೆ ಹೀಗಾದರೆ ಸರ್ಕಾರಿ ಅಂಗಳವೂ ಶುಭ್ರವಾಗಿ ಉಳಿಯಲಿಲ್ಲ. ನ್ಯಾಕ್ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಾಗಿದ್ದ ಭೂಷಣ್ ಪಟವರ್ಧನ್ ಅವರು ಕೆಲವು ಸಂಸ್ಥೆಗಳು ಅಡ್ಡದಾರಿಯಿಂದ ಶ್ರೇಣಿ ಪಡೆಯುತ್ತಿರುವ ಆತಂಕ ವ್ಯಕ್ತಪಡಿಸಿ 2023ರಲ್ಲಿ ಹುದ್ದೆ ಬಿಟ್ಟರು. 2025ರ ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ಒಂದು ವಿದ್ಯಾಸಂಸ್ಥೆಗೆ ಒಳ್ಳೆಯ ಶ್ರೇಣಿ ಕೊಡಲು ಲಂಚ ಪಡೆದ ಆರೋಪದ ಮೇಲೆ ಸಿಬಿಐ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನೂ ಆ ಸಂಸ್ಥೆಯ ಪದಾಧಿಕಾರಿಗಳನ್ನೂ ಬಂಧಿಸಿತು. ನಗದು, ಚಿನ್ನ, ಮೊಬೈಲು, ಲ್ಯಾಪ್‌ಟಾಪುಗಳ ಮಾತು ಕೇಳಿಬಂತು. ಆರೋಪ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾದ್ದು. ಆದರೆ ಪರಿಶೀಲನಾ ತಂಡ ಬರುತ್ತದೆ ಎಂದಾಗ ಕಾಲೇಜುಗಳಲ್ಲಿ ನಡೆಯುವ ಗಡಿಬಿಡಿ ನಮಗೆಲ್ಲ ಗೊತ್ತಿರುವುದೇ. ಗೋಡೆಗೆ ಸುಣ್ಣ, ಬಾಡಿಗೆಗೆ ತಂದ ಹೂಕುಂಡ, ಹಿಂದಿನ ತಾರೀಖು ಹಾಕಿದ ಕಡತ, ಏನು ಕೇಳಿದರೆ ಏನು ಹೇಳಬೇಕೆಂದು ವಿದ್ಯಾರ್ಥಿಗಳಿಗೆ ಪಾಠ. ದ್ವಾರದಲ್ಲಿ ನಿಂತು ಆರತಿ ಎತ್ತಲು, ಗುಲಾಬಿ ಕೊಡಲು ಆರಿಸಿ ನಿಲ್ಲಿಸಿದ ಹೆಣ್ಣುಮಕ್ಕಳು. ದಸರೆಯ ಸ್ತಬ್ಧಚಿತ್ರ ತಾನು ಸ್ತಬ್ಧಚಿತ್ರ ಎಂದು ಒಪ್ಪಿಕೊಂಡೇ ಮೆರವಣಿಗೆಗೆ ಬರುತ್ತದೆ. ಇದು ಹಾಗೆ ಒಪ್ಪಿಕೊಳ್ಳುವುದಿಲ್ಲ.

ಶ್ರೇಣಿಗಳ ಬದಲಿಗೆ ಮಾನ್ಯತೆ ಇದೆ ಅಥವಾ ಇಲ್ಲ ಎಂಬ ಎರಡೇ ತೀರ್ಪಿನ ಪದ್ಧತಿಯನ್ನು ತರುವುದಾಗಿ 2024ರ ಆರಂಭದಲ್ಲಿ ಪ್ರಕಟಿಸಲಾಯಿತು. ಹಿಂತೆಗೆದುಕೊಂಡ ಸಂಶೋಧನಾ ಲೇಖನಗಳಿಗೆ ಅಂಕ ಕಳೆಯುವ ಕ್ರಮ 2025ರ ಎನ್‌ಐಆರ್‌ಎಫ್‌ಗೆ ಬಂತು. ಇವು ಒಳ್ಳೆಯ ತಿದ್ದುಪಡಿಗಳೇ. ಸುಳ್ಳು ಹೇಳುವುದನ್ನು ಇವು ಕಷ್ಟವಾಗಿಸಬಹುದು. ಆದರೆ ಕೇಳಬೇಕಾದ ಪ್ರಶ್ನೆಯನ್ನೇ ಕೇಳದಿದ್ದರೆ ಎಲ್ಲರೂ ನಿಜವನ್ನೇ ಹೇಳಿದರೂ ಪ್ರಯೋಜನವೇನು?

ಹಾಗಾದರೆ ಏನು ಕೇಳಬೇಕು? ನಾವು ತಜ್ಞರಲ್ಲ. ಆದರೂ ಮೊಹಲ್ಲಾದ ಅನುಭವದಿಂದ ನಾಲ್ಕು ಪ್ರಶ್ನೆಗಳನ್ನು ಮುಂದಿಡುತ್ತೇವೆ. ಕಾಲೇಜು ಸೇರಿದವರಲ್ಲಿ ತಮ್ಮ ಕುಟುಂಬದಿಂದ ಮೊದಲ ಸಲ ಕಾಲೇಜಿಗೆ ಬಂದವರು ಎಷ್ಟು? ಸೇರಿದ ನೂರು ಮಂದಿಯಲ್ಲಿ ಮುಗಿಸದೆ ಹೋದವರು ಎಷ್ಟು, ಅವರು ಯಾವ ಓಣಿಯವರು, ಯಾವ ಕಾರಣಕ್ಕೆ ಹೋದರು? ಶುಲ್ಕ ಕಟ್ಟಲಾಗದವರಿಗೆ ಕಾಲೇಜು ಎಷ್ಟು ದಿನ ಕಾದಿತು? ಕಾಲೇಜಿನಿಂದ ಐದು ಕಿಲೋಮೀಟರು ಒಳಗಿನ, ಅಂದರೆ ಒಂದು ಜಂಬೂಸವಾರಿಯಷ್ಟು ದೂರದ, ಬಡಾವಣೆಗಳ ಮಕ್ಕಳು ಅಲ್ಲಿ ಎಷ್ಟು ಮಂದಿ ಓದುತ್ತಿದ್ದಾರೆ? ಈ ನಾಲ್ಕಕ್ಕೆ ಹಾಜರಿ ಪುಸ್ತಕ ಮತ್ತು ಶುಲ್ಕದ ಲೆಡ್ಜರಿನಲ್ಲಿಯೇ ಉತ್ತರವಿದೆ. ಹೂಕುಂಡ ಬಾಡಿಗೆಗೆ ತರುವ ಅಗತ್ಯವಿಲ್ಲ.

ದೆಹಲಿ ಈ ಪ್ರಶ್ನೆಗಳನ್ನು ಕೇಳುವ ತನಕ ನಮ್ಮ ಸಂಸ್ಥೆಗಳಾದರೂ ತಮಗೆ ತಾವೇ ಕೇಳಿಕೊಳ್ಳಬಹುದು. ಜಮಾತುಗಳು, ಟ್ರಸ್ಟುಗಳು ವರ್ಷಕ್ಕೊಮ್ಮೆ ರ‍್ಯಾಂಕ್ ಬಂದ ಮಕ್ಕಳಿಗೆ ಶಾಲು ಹೊದಿಸುತ್ತವೆ. ಅದು ಬೇಕಾದದ್ದೇ. ಅದೇ ಸಭೆಯಲ್ಲಿ ಆ ವರ್ಷ ಓದು ಬಿಟ್ಟ ಮಕ್ಕಳ ಸಂಖ್ಯೆಯನ್ನೂ ಓದಿ ಹೇಳುವ ಧೈರ್ಯ ನಮಗೆ ಬರಲಿ. ಸಂಖ್ಯೆ ಮಾತ್ರ ಸಾಕು, ಹೆಸರು ಬೇಡ. ಒಂದು ನಿಮಿಷ ಹಿಡಿಯುವ ಕೆಲಸ. ಆ ಒಂದು ನಿಮಿಷದಲ್ಲಿ ಎಷ್ಟು ಮಂದಿ ಜೇಬಿಗೆ ಕೈ ಹಾಕುತ್ತಾರೆಂದು ನೋಡೋಣ. ಗಾಜಿನ ಫಲಕಕ್ಕೆ ತೆತ್ತ ಹಣದಲ್ಲಿ ಇಂಥ ಎಷ್ಟು ಮಕ್ಕಳ ಕಂತು ತೀರುತ್ತಿತ್ತು ಎಂಬ ಲೆಕ್ಕವನ್ನು ಕಾರ್ಯದರ್ಶಿಗಳೇ ಹಾಕಿಕೊಳ್ಳಲಿ.

ದಸರೆಯ ಸಮಯದಲ್ಲಿ ಬನ್ನಿಯ ಎಲೆಯನ್ನು ಬಂಗಾರ ಎಂದು ಕೊಟ್ಟು ತೆಗೆದುಕೊಳ್ಳುವ ಪದ್ಧತಿ ನಮ್ಮ ನಾಡಿನ ಎಷ್ಟೋ ಕಡೆ ಇದೆ. ಎಲೆ ಎಲೆಯೇ. ಕೊಡುವವರ ಮತ್ತು ಪಡೆಯುವವರ ನಡುವಿನ ವಿಶ್ವಾಸ ಅದನ್ನು ಬಂಗಾರ ಮಾಡುತ್ತದೆ. ಪ್ರಶಸ್ತಿಯ ಬೆಲೆಯೂ ಅಷ್ಟೇ, ಅದರ ಹಿಂದಿನ ವಿಶ್ವಾಸದಷ್ಟು. ಬನ್ನಿಮಂಟಪದ ಕಾಲೇಜುಗಳ ಮೇಲೆ ಇನ್ನಷ್ಟು ಫಲಕಗಳು ಬರಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಪಕ್ಕದ ಓಣಿಯವರಿಗೂ ಆ ಅಕ್ಷರಗಳಲ್ಲಿ ತಮ್ಮದೊಂದು ಪಾಲು ಕಂಡರೆ ಸಾಕು.

ಎನ್.ಆರ್. ಮೊಹಲ್ಲಾದ ಆ ಹುಡುಗಿ ಈಗ ಎರಡನೆಯ ವರ್ಷದ ಬಿ.ಕಾಂ.ನಲ್ಲಿ ಇದ್ದಾಳೆ. ಆಕೆಯ ಕಾಲೇಜಿನ ಗೇಟಿನ ಮೇಲೆ ಹೇಳಿಕೊಳ್ಳುವಂಥ ಫಲಕವಿಲ್ಲ. ಮೊನ್ನೆ ಆಕೆಯ ತಾಯಿ ಸಿಕ್ಕಿದ್ದರು. ಎರಡು ಕಂತು ಕಟ್ಟಿ ಆಗಿದೆಯಂತೆ, ಇನ್ನೆರಡು ಬಾಕಿ. "ಪರೀಕ್ಷೆಗೆ ಮುಂಚೆ ಕಟ್ಬಿಡ್ತೀನಿ ಅಂತ ಹೇಳಿದೀನಿ ಸಾರ್, ಪ್ರಿನ್ಸಿಪಾಲ್ರು ಆಯ್ತು ಅಂದ್ರು" ಎಂದರು. ಬೀಡಿ ಕಟ್ಟಿನ ಚೀಲ ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಗೆ ಅವಸರ ಮಾಡುತ್ತಿದ್ದರು. ಹೆಚ್ಚು ಮಾತಾಡಲು ಪುರುಸೊತ್ತು ಇರಲಿಲ್ಲ.